ಮೆಟ್ರೊ ಮೆಟ್ಟಿಲಿಳಿದ ಮೇಲೆ ಅರ್ಧ ಕಿಲೊಮೀಟರ್

ತುಮಕೂರು ರಸ್ತೆಯ ಮೇಲೆ ಸಾಲಾಗಿ ನಿಂತಿರುವ ಮೆಟ್ರೊ ನಿಲ್ದಾಣಗಳಲ್ಲಿ ಯಾವುದಾದರೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೆಳಿಗ್ಗೆ ಎಂಟೂಕಾಲು. ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟ ಹೆಣ್ಣುಮಗಳೊಬ್ಬಳು ಹೆಗಲಿಗೆ ಬ್ಯಾಗು, ಕೈಯಲ್ಲಿ ಊಟದ ಡಬ್ಬಿ ಹಿಡಿದು ರೈಲಿನಿಂದ ಇಳಿಯುತ್ತಾಳೆ. ಪ್ಲಾಟ್‌ಫಾರಂ ನೆಲದಲ್ಲಿ ಮುಖ ಕಾಣುತ್ತದೆ. ದೃಷ್ಟಿ ಇಲ್ಲದವರ ಕೋಲಿಗೆ ಸಿಗಲೆಂದು ಹಳದಿ ಉಬ್ಬುಗೆರೆಯ ಟೈಲ್ಸ್ ಹಾಸಿದ್ದಾರೆ. ಲಿಫ್ಟ್ ಇದೆ, ಎಸ್ಕಲೇಟರ್ ಇದೆ, ಕೇಳಿದರೆ ದಾರಿ ಹೇಳಲು ಸೆಕ್ಯೂರಿಟಿಯವರಿದ್ದಾರೆ. ಕಾರ್ಡ್ ತಾಗಿಸಿದರೆ ಗೇಟು ತಾನಾಗಿ ತೆರೆದುಕೊಳ್ಳುತ್ತದೆ.

ಕೊನೆಯ ಮೆಟ್ಟಿಲು ಇಳಿದ ಕೂಡಲೇ ಊರೇ ಬದಲಾಗುತ್ತದೆ.

ಹಳದಿ ಟೈಲ್ಸ್ ನಿಲ್ದಾಣದ ಗಡಿಯಲ್ಲೇ ಮುಗಿಯಿತು. ಮುಂದಿನದು ಚರಂಡಿಯ ಮೇಲೆ ಮುಚ್ಚಿದ ಕಲ್ಲುಚಪ್ಪಡಿ. ಒಂದು ತುದಿಗೆ ಕಾಲಿಟ್ಟರೆ ಇನ್ನೊಂದು ತುದಿ ಮೇಲೇಳುತ್ತದೆ. ನಾಲ್ಕು ಮಾರು ನಡೆದರೆ ಒಂದು ಟ್ರಾನ್ಸ್‌ಫಾರ್ಮರ್, ಅದರ ಬೇಲಿ ಫುಟ್‌ಪಾತನ್ನೆಲ್ಲ ನುಂಗಿದೆ. ಬಳಸಿ ಹೋಗಲು ರಸ್ತೆಗಿಳಿಯಬೇಕು. ಅಲ್ಲಿ ಬಾಡಿಗೆಗೆ ಕಾದು ನಿಂತ ಆಟೊಗಳ ಎರಡು ಸಾಲು. ಮತ್ತೆ ಫುಟ್‌ಪಾತ್ ಹತ್ತೋಣವೆಂದರೆ ಮೊಣಕಾಲೆತ್ತರದ ಕಟ್ಟೆ. ಹತ್ತಿದ ಮೇಲೂ ಸಮ ನೆಲವಿಲ್ಲ. ಒಂದೊಂದು ಗೇಟಿನ ಮುಂದೆಯೂ ಕಾರು ಇಳಿಯಲೆಂದು ಕತ್ತರಿಸಿ ಇಳಿಜಾರು ಮಾಡಿದ್ದಾರೆ. ಕೇಬಲ್‌ನವರು ಅಗೆದು ಬಿಟ್ಟ ಗುಂಡಿಯಲ್ಲಿ ಯಾರೋ ಪುಣ್ಯಾತ್ಮರು ಮರದ ಕೊಂಬೆ ನೆಟ್ಟಿದ್ದಾರೆ, ಅದೇ ಎಚ್ಚರಿಕೆಯ ಫಲಕ. ಅಷ್ಟರಲ್ಲಿ ಬೆನ್ನ ಹಿಂದೆ ಹಾರ್ನ್. ರಸ್ತೆ ಜಾಮ್ ಆಗಿದೆ, ಸ್ಕೂಟರ್‌ಗಳು ಫುಟ್‌ಪಾತ್ ಹತ್ತಿವೆ. ಹೆದ್ದಾರಿ ದಾಟುವುದು ಇನ್ನೂ ಬಾಕಿ. ರೈಲಿನಲ್ಲಿ ಎಂಟು ಕಿ.ಮೀ. ಬಂದದ್ದು ಹದಿನೈದು ನಿಮಿಷದಲ್ಲಿ. ಈ ಅರ್ಧ ಕಿ.ಮೀ.ಗೆ ಬೇಕಾಗುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು.

ಈ ಹೆಣ್ಣುಮಗಳು ಕಲ್ಪನೆಯವಳು, ದಾರಿ ಮಾತ್ರ ಕಲ್ಪನೆಯದಲ್ಲ. ಬೆಂಗಳೂರಿನಲ್ಲಿ ಬಸ್ಸು, ಮೆಟ್ರೊ ಹತ್ತುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಎಂ.ಜಿ. ರಸ್ತೆ ನಡುವೆ 6.7 ಕಿ.ಮೀ. ಓಡಿದ ‘ನಮ್ಮ ಮೆಟ್ರೊ’ 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದ ಮೇಲೆ 96 ಕಿ.ಮೀ. ತಲುಪಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಪ್ರಯಾಣಿಕರ ಪಯಣ ನಿಲ್ದಾಣದಿಂದ ನಿಲ್ದಾಣಕ್ಕಲ್ಲ, ಮನೆ ಬಾಗಿಲಿನಿಂದ ಕೆಲಸದ ಬಾಗಿಲಿಗೆ. ನಡುವಿನ ರೈಲಿಗೆ ಒಂದು ನಿಗಮವಿದೆ, ಬಜೆಟ್ಟಿದೆ, ಎಂಜಿನಿಯರುಗಳಿದ್ದಾರೆ, ಉದ್ಘಾಟನೆಯ ದಿನಾಂಕವಿದೆ. ಎರಡು ತುದಿಗಳ ಅರ್ಧ ಕಿ.ಮೀ.ಗೆ ಇವು ಯಾವುವೂ ಇಲ್ಲ. ಅದಕ್ಕೊಬ್ಬ ಯಜಮಾನನನ್ನೂ ಒಂದಿಷ್ಟು ಹಣವನ್ನೂ ಗೊತ್ತು ಮಾಡುವ ತನಕ ಹೊಸ ಹೊಸ ಮಾರ್ಗ ತೆರೆದಷ್ಟೂ ಇದೇ ದೂರು ಹೊಸ ಹೊಸ ಬಡಾವಣೆಗಳಿಂದ ಬರುತ್ತಿರುತ್ತದೆ.

ದಾರಿ ಕೆಟ್ಟಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೊದಲು ದುಡ್ಡಿನ ಲೆಕ್ಕ. 2025ರ ಆಗಸ್ಟ್‌ನಿಂದ ಬೆಂಗಳೂರಿನ ಆಟೊ ಕನಿಷ್ಠ ದರ ಮೊದಲ ಎರಡು ಕಿ.ಮೀ.ಗೆ 36 ರೂಪಾಯಿ. ಮೀಟರ್ ಹಾಕುವ ಆಟೊ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ನಿಲ್ದಾಣದಿಂದ ಕಾರ್ಖಾನೆಗೆ ಹೋಗಿ ಬರಲು ದಿನಕ್ಕೆ 72, ಇಪ್ಪತ್ತೈದು ದಿನಕ್ಕೆ 1,800 ರೂಪಾಯಿ. ಮೆಟ್ರೊ ಟಿಕೆಟ್ ಬೇರೆ. 2025ರ ಫೆಬ್ರುವರಿಯ ಏರಿಕೆಯಲ್ಲಿ ಅದರ ಗರಿಷ್ಠ ದರವೂ 60ರಿಂದ 90 ರೂಪಾಯಿಗೆ ಹೋಗಿದೆ. ಇಷ್ಟಕ್ಕೆ ಕಂತಿನಲ್ಲಿ ಒಂದು ಸ್ಕೂಟರ್ ಬರುತ್ತದೆ ಎಂದು ಮನೆಯವರಿಗೆ ಹೊಳೆಯಲು ಎಷ್ಟು ಹೊತ್ತು ಬೇಕು? ನಗರದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದ್ದು ಜನರಿಗೆ ಪೆಟ್ರೋಲ್ ಮೇಲಿನ ಪ್ರೀತಿಯಿಂದಲ್ಲ. ಸಾವಿರಾರು ಕೋಟಿ ಸುರಿದು ಕಟ್ಟಿದ ರೈಲಿನ ಪ್ರಯಾಣಿಕರನ್ನು ಅಲುಗಾಡುವ ಒಂದು ಚಪ್ಪಡಿ ವಾಪಸು ರಸ್ತೆಗೆ ಅಟ್ಟುತ್ತದೆ.

ಇನ್ನೊಂದು ಲೆಕ್ಕ, ಜಾಗದ್ದು. ಮನುಷ್ಯರ ನಡಿಗೆಯ ವೇಗವನ್ನು ಎಂಜಿನಿಯರುಗಳು ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುತ್ತಾರೆ. ಆರು ನಿಮಿಷ ನಡೆಯಲು ಒಪ್ಪುವವರು ಸುಮಾರು 430 ಮೀಟರ್ ದೂರದ ತನಕ ಬಂದಾರು. ಆ ಆರು ನಿಮಿಷದಲ್ಲಿ ಮೂರು ನಿಮಿಷ ರಸ್ತೆ ದಾಟಲು ಕಾಯುವುದರಲ್ಲೇ ಕಳೆದರೆ? ದೂರ ಅರ್ಧವಾಗುತ್ತದೆ. ಆದರೆ ನಿಲ್ದಾಣದ ಸುತ್ತ ಎಳೆದ ವೃತ್ತದ ವಿಸ್ತೀರ್ಣ ಅರ್ಧವಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಅಂದರೆ ಒಂದು ಕೆಟ್ಟ ಕ್ರಾಸಿಂಗ್ ಆ ನಿಲ್ದಾಣದ ಮುಕ್ಕಾಲು ಪಾಲು ಗಿರಾಕಿಗಳನ್ನು ದೂರ ಇಡಬಲ್ಲದು. ಇದೇ ಲೆಕ್ಕವನ್ನು ಸೈಕಲ್ಲಿಗೆ ಹಾಕಿ ನೋಡಿ: ಆರಾಮವಾಗಿ ತುಳಿದರೂ ಹತ್ತು ನಿಮಿಷಕ್ಕೆ ಎರಡು ಕಿ.ಮೀ. ನಡಿಗೆಯ ವೃತ್ತಕ್ಕಿಂತ ಇಪ್ಪತ್ತು ಪಟ್ಟು ದೊಡ್ಡ ಪ್ರದೇಶ. ಹೊಸದಾಗಿ ಒಂದೂ ನಿಲ್ದಾಣ ಕಟ್ಟದೆ ಇಷ್ಟು ಜನರನ್ನು ಮೆಟ್ರೊ ಹತ್ತಿರ ತರಬಹುದು.

ಮೂರನೆಯದು ಜೀವದ ಲೆಕ್ಕ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ದಿನಕ್ಕೆ ತೊಂಬತ್ತು. ಕಾರಿನಲ್ಲಿದ್ದವರಿಗೆ ಸೀಟ್‌ಬೆಲ್ಟ್ ಹಾಕಿಕೊಳ್ಳಿ, ಬೈಕಿನವರಿಗೆ ಹೆಲ್ಮೆಟ್ ಹಾಕಿಕೊಳ್ಳಿ ಎನ್ನಬಹುದು. ನಡೆಯುವವರಿಗೆ ಹೇಳಲು ಏನಿದೆ? ಅವರ ರಕ್ಷಣೆ ಇರುವುದು ರಸ್ತೆಯ ವಿನ್ಯಾಸದಲ್ಲಿ ಮಾತ್ರ.

ಈ ಚರ್ಚೆ ಮೆಟ್ರೊ ಸುತ್ತಲೇ ಗಿರಕಿ ಹೊಡೆಯುವುದೂ ಸರಿಯಲ್ಲ. ಮೆಟ್ರೊ ಹತ್ತುವವರು ದಿನಕ್ಕೆ ಹತ್ತು ಲಕ್ಷದ ಆಸುಪಾಸು. ಬಿಎಂಟಿಸಿ ಬಸ್ಸು ಹತ್ತುವವರು ನಲವತ್ತು ಲಕ್ಷದಷ್ಟು. ಬಸ್ ನಿಲ್ದಾಣದ ಪಾಡು ಮೆಟ್ರೊಗಿಂತ ಕಡೆ. ತಂಗುದಾಣದ ಮುಂದೆ ಆಟೊ, ಕಾರು ನಿಂತಿರುತ್ತವೆ. ಬಸ್ಸು ನಡುರಸ್ತೆಯಲ್ಲೇ ನಿಲ್ಲುತ್ತದೆ. ಮಗುವನ್ನು ಎತ್ತಿಕೊಂಡ ತಾಯಿ, ಮಂಡಿನೋವಿನ ಅಜ್ಜ ಬೈಕುಗಳ ನಡುವೆ ನುಸುಳಿ ಓಡಬೇಕು. ಡ್ರೈವರ್ ಕಾಯಲಿಲ್ಲ ಎಂದು ಜಗಳ, ಹತ್ತುವವರು ನಿಧಾನ ಎಂದು ಕಂಡಕ್ಟರ್ ಗೊಣಗಾಟ. ತಪ್ಪು ಇಬ್ಬರದೂ ಅಲ್ಲ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಡಿ ರಾಜ್ಯದ ಹೆಣ್ಣುಮಕ್ಕಳಿಗೆ ವಿತರಿಸಿದ ಉಚಿತ ಟಿಕೆಟ್‌ಗಳು ಎರಡೇ ವರ್ಷದಲ್ಲಿ 500 ಕೋಟಿ ದಾಟಿದವು. ಬಸ್ಸಿನೊಳಗಿನ ಪಯಣ ಉಚಿತವಾಯಿತು, ಸರಿ. ರಾತ್ರಿ ಒಂಬತ್ತಕ್ಕೆ ಬಸ್ಸಿಳಿದು ದೀಪವಿಲ್ಲದ ರಸ್ತೆಯಲ್ಲಿ ಮನೆಗೆ ನಡೆಯುವುದಕ್ಕೆ ಹೆದರಿ ಆಟೊ ಹಿಡಿದರೆ ಉಳಿಸಿದ ದುಡ್ಡು ಅಲ್ಲೇ ಹೋಯಿತು.

ಇಷ್ಟೆಲ್ಲ ಗೊತ್ತಿದ್ದೂ ಸರಿಯಾಗುತ್ತಿಲ್ಲವೇಕೆ? ಒಂದು ಮೆಟ್ರೊ ನಿಲ್ದಾಣದ ಎದುರಿನ ಐವತ್ತು ಮೀಟರ್ ಫುಟ್‌ಪಾತ್‌ಗೆ ಎಷ್ಟು ಜನ ವಾರಸುದಾರರು ಎಂದು ಎಣಿಸಿದರೆ ಉತ್ತರ ಸಿಗುತ್ತದೆ. ಮೆಟ್ಟಿಲಿನ ತನಕ ಮೆಟ್ರೊ ನಿಗಮ. ಅದರಾಚೆ ಕಲ್ಲು ಹಾಸುವುದು ಪಾಲಿಕೆ, ರಸ್ತೆ ಹೆದ್ದಾರಿಯಾದರೆ ಹೆದ್ದಾರಿ ಪ್ರಾಧಿಕಾರ. ಟ್ರಾನ್ಸ್‌ಫಾರ್ಮರ್ ಬೆಸ್ಕಾಂನದು. ಮ್ಯಾನ್‌ಹೋಲ್ ಜಲಮಂಡಳಿಯದು. ಬಸ್ಸು ಬಿಎಂಟಿಸಿಯದು. ಸಿಗ್ನಲ್, ಜೀಬ್ರಾ ಪಟ್ಟೆ, ಅಡ್ಡಾದಿಡ್ಡಿ ಪಾರ್ಕಿಂಗ್ ಎಲ್ಲ ಸಂಚಾರ ಪೊಲೀಸರ ಪಾಲು. ಕೇಬಲ್ ಎಳೆಯುವವರು ಖಾಸಗಿಯವರು. ಯಾರನ್ನು ಕೇಳಿದರೂ ಬೆರಳು ಪಕ್ಕದವರ ಕಡೆ ತಿರುಗುತ್ತದೆ, ಮತ್ತು ಕಾಗದದ ಪ್ರಕಾರ ಎಲ್ಲರೂ ಸರಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದವು. ಎರಡು ಪಾಲಿಕೆಗಳ ಗಡಿಯಲ್ಲಿ ನಿಂತ ನಿಲ್ದಾಣಕ್ಕೆ ಈಗ ಇನ್ನೊಬ್ಬರು ವಾರಸುದಾರರು ಸೇರಿಕೊಂಡರು.

ಕಾನೂನಿಗೆ, ನೀತಿಗೆ ಬರವಿಲ್ಲ. ನಗರಗಳು ಯೋಚಿಸಬೇಕಾದದ್ದು ಜನರ ಸಂಚಾರದ ಬಗ್ಗೆಯೇ ಹೊರತು ವಾಹನಗಳ ಸಂಚಾರದ ಬಗ್ಗೆ ಅಲ್ಲ ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳಿದೆ. ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಫುಟ್‌ಪಾತ್ ಮೇಲೆ ಅಡೆತಡೆಯಿಲ್ಲದ ಜಾಗ ಕನಿಷ್ಠ 1.8 ಮೀಟರ್ ಇರಬೇಕು, ಕಟ್ಟೆಯ ಎತ್ತರ 15 ಸೆಂ.ಮೀ. ಮೀರಬಾರದು ಎಂದಿದೆ. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ದಾಟಲು ಬೇಕಾಗುವ ಅಗಲ ಆ 1.8 ಮೀಟರ್. 2017ರ ಮೆಟ್ರೊ ರೈಲು ನೀತಿ ಇನ್ನೂ ಮುಂದೆ ಹೋಗಿ, ನಿಲ್ದಾಣದ ಸುತ್ತಲ ಐದು ಕಿ.ಮೀ. ವ್ಯಾಪ್ತಿಯಲ್ಲಿ ಫೀಡರ್ ಬಸ್ಸು, ನಡಿಗೆಯ ದಾರಿ, ಸೈಕಲ್ ಪಥ ಒದಗಿಸುವುದಾಗಿ ರಾಜ್ಯಗಳು ಯೋಜನಾ ವರದಿಯಲ್ಲೇ ಒಪ್ಪಿಕೊಳ್ಳಬೇಕು ಎಂದಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಪಾದಚಾರಿಗಳ ವಿಷಯದಲ್ಲಿ ನಿಯಮ ಮಾಡುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ. ರಸ್ತೆಯ ವಿನ್ಯಾಸ ಲೋಪದಿಂದ ಸಾವು ಸಂಭವಿಸಿದರೆ ಹೊಣೆ ಹೊತ್ತವರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡಕ್ಕೂ ಅದರಲ್ಲಿ ಅವಕಾಶವಿದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದು ಹೇಳಿತು. ಇದಕ್ಕಿಂತ ಮೇಲಿನ ಮಾತು ಬೇಕೆಂದರೆ ಇನ್ನೆಲ್ಲಿಗೆ ಹೋಗುವುದು?

ಆಡಳಿತಕ್ಕೆ ಪಾದಚಾರಿ ಎಂದ ಕೂಡಲೇ ನೆನಪಾಗುವುದು ಸ್ಕೈವಾಕ್. ಜಾಹೀರಾತು ಫಲಕ ಹಾಕಲು ಅನುಕೂಲ, ರಿಬ್ಬನ್ ಕತ್ತರಿಸಲೂ ಅನುಕೂಲ. ಆದರೆ ಕೆಳಗೆ ಲಾರಿ ಹೋಗಲು ಐದೂವರೆ ಮೀಟರ್ ಎತ್ತರ ಬಿಡಬೇಕು. ಮೆಟ್ಟಿಲೊಂದಕ್ಕೆ 15 ಸೆಂ.ಮೀ. ಹಿಡಿದರೂ ಮೂವತ್ತಾರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ, ನಡೆದು, ಅಷ್ಟೇ ಮೆಟ್ಟಿಲು ಇಳಿಯಬೇಕು. ಲಿಫ್ಟ್ ಕೆಟ್ಟ ದಿನ ಗರ್ಭಿಣಿಯೂ ಹಾಗೇ ಹತ್ತಬೇಕು, ಊರಿಂದ ಅಕ್ಕಿಮೂಟೆ ಹೊತ್ತು ಬಂದವರೂ ಹಾಗೇ ಹತ್ತಬೇಕು. ಹತ್ತು ಸೆಕೆಂಡಿನಲ್ಲಿ ದಾಟಬಹುದಾದ ರಸ್ತೆಗೆ ಇದು ಪರಿಹಾರವಲ್ಲ. ಕಾರು ನಿಲ್ಲದಿರಲಿ ಎಂದು ನಡೆಯುವವರಿಗೆ ವಿಧಿಸಿದ ತೆರಿಗೆ. ಜನ ಮೀಡಿಯನ್ ಹಾರುತ್ತಾರೆ, ಬೇಲಿ ಬಾಗಿಸುತ್ತಾರೆ. ಅವರಿಗೆ ಶಿಸ್ತಿಲ್ಲ ಎಂದು ಬೈಯುವ ಮೊದಲು, ಆ ಜಾಗದಲ್ಲಿ ನೆಲಮಟ್ಟದ ಕ್ರಾಸಿಂಗ್ ಕೊಟ್ಟಿದ್ದೆವೇ ಎಂದು ಕೇಳಿಕೊಳ್ಳಬೇಕು. ಹೆದ್ದಾರಿಗೆ ಸ್ಕೈವಾಕ್ ಬೇಕಾದೀತು. ಪೇಟೆಯ ನಡುವಿನ ರಸ್ತೆಗೆ ಬೇಕಿರುವುದು ಫುಟ್‌ಪಾತ್ ಎತ್ತರಕ್ಕೇ ಏರಿಸಿದ ಜೀಬ್ರಾ ಪಟ್ಟೆ ಮತ್ತು ನಿಜವಾಗಿ ಹಸಿರಾಗುವ ಪಾದಚಾರಿ ಸಿಗ್ನಲ್.

ಬೆಂಗಳೂರಿಗೆ ಒಳ್ಳೆಯ ಫುಟ್‌ಪಾತ್ ಮಾಡಲು ಬರುವುದಿಲ್ಲವೆಂದೇನಿಲ್ಲ. ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಸೇಂಟ್ ಮಾರ್ಕ್ಸ್ ರಸ್ತೆ, ಮ್ಯೂಸಿಯಂ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆಗಳನ್ನು ತಳದಿಂದಲೇ ಹೊಸದಾಗಿ ಮಾಡಲಾಯಿತು. ನೀರು, ಒಳಚರಂಡಿ, ಕರೆಂಟು, ಕೇಬಲ್‌ಗೆಲ್ಲ ಫುಟ್‌ಪಾತ್ ಅಡಿಯಲ್ಲೇ ಜಾಗ ಮಾಡಿ, ಪದೇ ಪದೇ ಅಗೆಯುವ ಕಾಟ ತಪ್ಪಿಸಿದರು. ವಾಹನ ಪಥದ ಅಗಲ ಎಲ್ಲ ಕಡೆ ಒಂದೇ ಇರುವಂತೆ ನೋಡಿ, ಮಿಕ್ಕ ಜಾಗವನ್ನು ನಡೆಯುವವರಿಗೆ ಬಿಟ್ಟರು. ಎಂ.ಜಿ. ರಸ್ತೆ ಮೆಟ್ರೊ ನಿಲ್ದಾಣದಿಂದ ಕೂಗಳತೆಯಲ್ಲಿರುವ ಚರ್ಚ್ ಸ್ಟ್ರೀಟ್ 2018ರಲ್ಲಿ ಕಲ್ಲುಹಾಸಿನ ಬೀದಿಯಾಯಿತು. 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಅಲ್ಲಿ ವಾಹನಗಳನ್ನೇ ನಿಲ್ಲಿಸಿ ನೋಡಿದರು. ಪುಸ್ತಕದಂಗಡಿ, ಕಾಫಿಯಂಗಡಿಗಳ ನಡುವೆ ಮಕ್ಕಳು ಓಡಾಡಿದರು, ಆಕಾಶವೇನೂ ಕಳಚಿ ಬೀಳಲಿಲ್ಲ.

ದೂರು ಒಂದೇ. ಈ ಭಾಗ್ಯ ಬಂದದ್ದು ನಗರದ ನಡುಮಧ್ಯದ, ಬಾಡಿಗೆ ದುಬಾರಿಯಾದ ರಸ್ತೆಗಳಿಗೆ. ಗಾಡಿಯಿಲ್ಲದವರು, ಬಸ್ಸನ್ನೇ ನಂಬಿದವರು ಹೆಚ್ಚಾಗಿ ಇರುವ ಪೀಣ್ಯ, ಬೊಮ್ಮಸಂದ್ರ, ಮಾಗಡಿ ರಸ್ತೆಗಳ ಕಡೆಗೆ ಅದು ಹೊರಳಲಿಲ್ಲ. ನಡೆಯಲು ಕಾರು ಬಿಟ್ಟು ಬರುವವರಿಗೆ ಕಲ್ಲುಹಾಸು, ನಡೆಯದೆ ಗತಿಯಿಲ್ಲದವರಿಗೆ ಚರಂಡಿ ಚಪ್ಪಡಿ ಎಂಬಂತಾಯಿತು.

ಒಂದು ರೈಲಿನಿಂದ ಇನ್ನೊಂದು ರೈಲಿಗೇ ದಾರಿ ಸಿಗದ ಜಾಗವೂ ಇದೆ. 2022ರ ಜೂನ್‌ನಲ್ಲಿ ಬೈಯಪ್ಪನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ರೈಲು ಟರ್ಮಿನಲ್ ಶುರುವಾಯಿತು. ವಿಮಾನ ನಿಲ್ದಾಣದಂಥ ಕಟ್ಟಡ. ಅದೇ ಬೈಯಪ್ಪನಹಳ್ಳಿ ಹೆಸರಿನಲ್ಲಿ ಹತ್ತು ವರ್ಷ ಮೊದಲೇ ಮೆಟ್ರೊ ನಿಲ್ದಾಣವಿತ್ತು. ಆದರೆ ಒಂದರಿಂದ ಇನ್ನೊಂದಕ್ಕೆ ನೇರ ನಡಿಗೆಯ ದಾರಿ ಇಲ್ಲದೆ ಟರ್ಮಿನಲ್ ತೆರೆಯಿತು. ಹೌರಾದಿಂದ, ಪಟ್ನಾದಿಂದ ಎರಡು ರಾತ್ರಿ ಪ್ರಯಾಣಿಸಿ ಬಂದವರು ಕೊನೆಯ ಎರಡು ಕಿ.ಮೀ.ಗೆ ಆಟೊದವರೊಡನೆ ಚೌಕಾಸಿಗಿಳಿಯಬೇಕಾಯಿತು.

ಹುಬ್ಬಳ್ಳಿ–ಧಾರವಾಡದ್ದು ಇನ್ನೊಂದು ಪಾಠ. ಎರಡೂ ಊರುಗಳ ನಡುವಿನ 22 ಕಿ.ಮೀ. ಬಿಆರ್‌ಟಿಎಸ್ (ತ್ವರಿತ ಬಸ್ ಸಾರಿಗೆ) ಪಥದಲ್ಲಿ 2018ರಿಂದ ‘ಚಿಗರಿ’ ಬಸ್ಸು ಓಡುತ್ತಿದೆ. ಹೆಸರಿಗೆ ತಕ್ಕ ಓಟ, ಬಹುತೇಕ ಕಡೆ ಬೇರೆ ಗಾಡಿಗಳ ಕಾಟವಿಲ್ಲ. ಆದರೆ ನಿಲ್ದಾಣಗಳು ರಸ್ತೆಯ ನಟ್ಟನಡುವೆ. ಬಸ್ಸು ಹಿಡಿಯುವ ಪ್ರತಿಯೊಬ್ಬರೂ ಕಾರು, ಲಾರಿ ಓಡುವ ಪಥ ದಾಟಲೇಬೇಕು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಆದ್ದರಿಂದ ಅಲ್ಲಿ ರಸ್ತೆ ದಾಟುವ ವ್ಯವಸ್ಥೆ ಬಸ್ ನಿಲ್ದಾಣದ ಒಂದು ಭಾಗವೇ. ಬಾಗಿಲಿಲ್ಲದ ಬಸ್ಸನ್ನು ಹೇಗೆ ರಸ್ತೆಗಿಳಿಸುವುದಿಲ್ಲವೋ ಹಾಗೆ ಸುರಕ್ಷಿತ ಕ್ರಾಸಿಂಗ್ ಇಲ್ಲದ ನಿಲ್ದಾಣವನ್ನೂ ತೆರೆಯಬಾರದು.

ಇನ್ನು ಸೈಕಲ್. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳ ಪಾಳಿ ಬಿಡುವ ಹೊತ್ತಿಗೆ ಸೈಕಲ್ ಗಂಟೆಗಳ ಸದ್ದಿಗೆ ರಸ್ತೆ ತುಂಬುತ್ತಿದ್ದ ಕಾಲ ಹಿರಿಯರಿಗೆ ನೆನಪಿದೆ. ಸಮುದ್ರಮಟ್ಟಕ್ಕಿಂತ 900 ಮೀಟರ್ ಎತ್ತರದ ಈ ಊರಿನ ಹವೆ ಈಗಲೂ ಸೈಕಲ್ಲಿಗೆ ಹೇಳಿ ಮಾಡಿಸಿದ್ದು. ಪ್ರಯತ್ನಗಳೂ ನಡೆದಿವೆ. ಒಂದು ದಶಕಕ್ಕೂ ಹಿಂದೆ ಜಯನಗರದಲ್ಲಿ ಸೈಕಲ್ ಪಥ ಮಾಡಿದರು. ಅದು ಕಾರು, ಬೈಕು ನಿಲ್ಲಿಸುವ ಜಾಗವಾಯಿತು. 2020ರಲ್ಲಿ, ಕೋವಿಡ್ ನಡುವೆ, ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ 17 ಕಿ.ಮೀ. ಉದ್ದಕ್ಕೆ ಕಂಬ ನೆಟ್ಟು ಪ್ರತ್ಯೇಕ ಸೈಕಲ್ ಪಥಕ್ಕೆ ಕೈಹಾಕಿದರು. ಐಟಿ ಕಂಪನಿಗಳ ಉದ್ಯೋಗಿಗಳು ಮೆಚ್ಚಿದರು. ಆಮೇಲೆ ಅದೇ ರಸ್ತೆಗೆ ಮೆಟ್ರೊ ಕಾಮಗಾರಿ ಬಂತು, ಪಥ ಕಣ್ಮರೆಯಾಯಿತು. ರೈಲಿಗೆ ಜನರನ್ನು ತಲುಪಿಸಬೇಕಿದ್ದ ದಾರಿಯನ್ನು ರೈಲಿನ ಕೆಲಸವೇ ನುಂಗಿತು.

ಸೋತದ್ದು ಸೈಕಲ್ ಅಲ್ಲ. ಎಲ್ಲಿಂದಲೋ ಶುರುವಾಗಿ ಎಲ್ಲಿಯೋ ಮುಗಿಯುವ, ಯಾವ ನಿಲ್ದಾಣಕ್ಕೂ ಮುಟ್ಟಿಸದ ಪಟ್ಟೆಯಲ್ಲಿ ಯಾರೂ ಸೈಕಲ್ ತುಳಿಯಲಿಲ್ಲ, ಅಷ್ಟೇ. ಮೈಸೂರಿನ ‘ಟ್ರಿನ್ ಟ್ರಿನ್’ ಇದಕ್ಕಿಂತ ಜಾಣ ಕೆಲಸ. 2017ರ ಜೂನ್‌ನಲ್ಲಿ ಆರಂಭವಾದಾಗ 48 ತಾಣಗಳಲ್ಲಿ 450 ಸೈಕಲ್‌ಗಳಿದ್ದವು. ಒಂದು ಕಡೆ ಕಾರ್ಡ್ ತೋರಿಸಿ ಸೈಕಲ್ ತೆಗೆದುಕೊಂಡು ಇನ್ನೊಂದು ಕಡೆ ಬಿಟ್ಟು ಹೋಗಬಹುದಿತ್ತು. ಜನ ನಿಜವಾಗಿ ಓಡಾಡುವ ಜಾಗಗಳನ್ನು ಒಂದಕ್ಕೊಂದು ಹೆಣೆಯುವುದು ಅದರ ತಿರುಳು. ಬೆಂಗಳೂರು ಮೆಟ್ರೊ 2022ರಲ್ಲಿ ಮಡಚುವ ಸೈಕಲ್ಲನ್ನು ರೈಲಿನ ಕೊನೆಯ ಬೋಗಿಯಲ್ಲಿ ಒಯ್ಯಲು ಬಿಟ್ಟಿತು. ತೂಕ 15 ಕೆ.ಜಿ. ಮೀರುವಂತಿಲ್ಲ. ಒಳ್ಳೆಯದೇ. ಆದರೆ ಮಡಚುವ ಸೈಕಲ್ ಕೊಳ್ಳಬಲ್ಲವರೆಷ್ಟು ಮಂದಿ? ಮನೆಯಲ್ಲಿರುವ ಸಾಮಾನ್ಯ ಸೈಕಲ್ಲನ್ನು ನಿಲ್ದಾಣದ ಬಾಗಿಲ ಹತ್ತಿರವೇ, ಸೂರಿನಡಿ, ಕಾವಲಿರುವ ಕಡೆ ಬೀಗ ಹಾಕಿ ಬಿಟ್ಟು, ಸಂಜೆ ಬಂದಾಗ ಅದು ಅಲ್ಲೇ ಇರುತ್ತದೆ ಎಂಬ ನಂಬಿಕೆ ಬೇಕಿರುವುದು.

ನೆದರ್ಲೆಂಡ್ಸ್‌ನ ಉಟ್ರೆಕ್ಟ್ ರೈಲು ನಿಲ್ದಾಣದಡಿ 12,500 ಸೈಕಲ್ ನಿಲ್ಲಿಸುವ ಜಾಗ ಮಾಡಿದ್ದಾರೆ. ಮೊದಲ 24 ಗಂಟೆ ಶುಲ್ಕವಿಲ್ಲ. ಡಚ್ಚರ ಮಾತೆತ್ತಿದರೆ ಅವರು ಹುಟ್ಟಿನಿಂದಲೇ ಸೈಕಲ್‌ನವರು ಎನ್ನುವುದುಂಟು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತಿದ್ದರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಅವರ ಊರುಗಳೂ ಆಗ ಕಾರಿಗೆ ಬಾಗಿಲು ತೆರೆದಿಟ್ಟಿದ್ದವು. ತಂದೆತಾಯಿಗಳು ಬೀದಿಗಿಳಿದ ಮೇಲೆ ಸರ್ಕಾರ ದಾರಿ ಬದಲಿಸಿತು.

ಜಾಗವೆಲ್ಲಿದೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೆಂಗಳೂರಿನ ಎಷ್ಟೋ ರಸ್ತೆಗಳು ಕಿರಿದು ಎಂಬುದು ನಿಜ. ಆದರೆ ಅದೇ ಕಿರಿದಾದ ರಸ್ತೆಯ ಎರಡೂ ಬದಿ ಕಾರು ನಿಲ್ಲಲು ಜಾಗವಿರುತ್ತದೆ! ಒಂದು ಕಾರು ನಿಲ್ಲುವಲ್ಲಿ ಹತ್ತು ಸೈಕಲ್ ನಿಲ್ಲುತ್ತವೆ. ನಿಲ್ದಾಣದ ಸುತ್ತಲಿನ ಐನೂರು ಮೀಟರ್‌ನಲ್ಲಿ ಒಂದು ಬದಿಯ ಪಾರ್ಕಿಂಗ್ ತೆಗೆದರೆ 1.8 ಮೀಟರ್ ಸಿಕ್ಕೀತು. ಅಷ್ಟೂ ಸಿಗದ ಓಣಿಗಳಿಗೆ ಫುಟ್‌ಪಾತೇ ಬೇಕಿಲ್ಲ. ಅಲ್ಲಿ ಗಾಡಿಗಳ ವೇಗ ತಗ್ಗಿಸಿದರೆ ರಸ್ತೆಯೇ ನಡಿಗೆಯ ದಾರಿ.

ಬೀದಿ ವ್ಯಾಪಾರಿಗಳನ್ನು ಎತ್ತಂಗಡಿ ಮಾಡಿ ಫುಟ್‌ಪಾತ್ ‘ತೆರವು’ ಮಾಡಿದೆವು ಎನ್ನುವುದು ಸುಲಭದ ಉಪಾಯ. ಟ್ರಾನ್ಸ್‌ಫಾರ್ಮರ್ ಅಲುಗಾಡಿಸಲಾಗದವರು ಹೂವಿನ ಬುಟ್ಟಿಯ ಮೇಲೆ ಪೌರುಷ ತೋರಿಸುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೂ ಹಕ್ಕು ಕೊಟ್ಟಿದೆ, ಎಲ್ಲಿ ಕೂರಬೇಕೆಂದು ಗೊತ್ತು ಮಾಡುವ ಸಮಿತಿಯನ್ನೂ ಕೊಟ್ಟಿದೆ. ರಾತ್ರಿ ಹತ್ತಕ್ಕೆ ರೈಲಿಳಿದು ಬರುವ ಹೆಣ್ಣುಮಗಳಿಗೆ ಕಡಲೆಕಾಯಿ ಗಾಡಿಯ ದೀಪ, ಎಳನೀರಿನವರ ಮಾತು ಸಿಸಿಟಿವಿ ಕ್ಯಾಮೆರಾಕ್ಕಿಂತ ಹೆಚ್ಚಿನ ಧೈರ್ಯ. 1.8 ಮೀಟರ್ ನಡಿಗೆಗೆ ಬಿಟ್ಟು, ಅದರಾಚೆ ಗೆರೆ ಎಳೆದು ಅವರನ್ನು ಕೂರಿಸಿದರೆ ಇಬ್ಬರಿಗೂ ಜಾಗವಾಗುತ್ತದೆ.

ಹಣವಿಲ್ಲ ಎಂಬ ಮಾತು ಮಾತ್ರ ನಿಲ್ಲುವುದಿಲ್ಲ. ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಗೆ ಹದಿನೇಳು ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ಅಂದಾಜು ಮಾಡಿದ ರಾಜ್ಯವಿದು. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ಗೆ ಮೆಟ್ರೊ ಕಂಬಗಳ ಮೇಲೇ ಕಾರುಗಳಿಗೆ ಡಬಲ್ ಡೆಕ್ಕರ್ ಮೇಲ್ಸೇತುವೆ ಕಟ್ಟಿ 2024ರ ಜುಲೈನಲ್ಲಿ ತೆರೆದರು. ಮೆಟ್ರೊ ಕಟ್ಟುವಾಗ ಜೊತೆಯಲ್ಲೇ ಕಾರಿನ ರಸ್ತೆ ಕಟ್ಟಬಹುದು ಎಂದಾದರೆ, ಜೊತೆಯಲ್ಲೇ ನಡೆಯುವವರ ದಾರಿಯನ್ನೂ ಕಟ್ಟಬಹುದು. ಚೆನ್ನೈ ಪಾಲಿಕೆ 2014ರಲ್ಲೇ ಮೋಟಾರುರಹಿತ ಸಂಚಾರ ನೀತಿಯೊಂದನ್ನು ಒಪ್ಪಿ, ತನ್ನ ಸಾರಿಗೆ ಬಜೆಟ್ಟಿನ ಶೇ 60ರಷ್ಟನ್ನು ನಡಿಗೆ ಮತ್ತು ಸೈಕಲ್ಲಿಗೆ ಮೀಸಲಿಡುವುದಾಗಿ ಬರೆದುಕೊಂಡಿತು.

ಮಾಡಬೇಕಾದ ಕೆಲಸಗಳ ಪಟ್ಟಿ ಉದ್ದವೇನಲ್ಲ. ಪ್ರತಿ ಮೆಟ್ರೊ ಮತ್ತು ದೊಡ್ಡ ಬಸ್ ನಿಲ್ದಾಣದ ಸುತ್ತಲಿನ ಐನೂರು ಮೀಟರನ್ನು ಒಬ್ಬ ಅಧಿಕಾರಿಯ ಸುಪರ್ದಿಗೆ ಕೊಡಬೇಕು. ಬೆಸ್ಕಾಂ, ಜಲಮಂಡಳಿ, ಪೊಲೀಸರೆಲ್ಲ ಆ ವೃತ್ತದೊಳಗೆ ಅವರ ಮಾತಿಗೆ ಬದ್ಧರಾಗಬೇಕು. ಇದಕ್ಕಾಗಿ ಹೊಸ ಕಾನೂನು ಹುಡುಕಬೇಕಿಲ್ಲ. ಇಲಾಖೆಗಳ ನಡುವಿನ ಈ ಗೋಡೆಗಳನ್ನು ಒಡೆಯಲೆಂದೇ 2022ರಲ್ಲಿ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರ ಕಾಯ್ದೆ ಬಂದಿದೆ, ಅದಕ್ಕೆ ಹಲ್ಲು ಕೊಟ್ಟರೆ ಸಾಕು. ಬಸ್ ತಂಗುದಾಣ ಮೆಟ್ರೊ ಮೆಟ್ಟಿಲಿನ ಪಕ್ಕಕ್ಕೆ ಬರಬೇಕು. ಫೀಡರ್ ಬಸ್ಸಿಗೆ ಇನ್ನೂರು ಮೀಟರ್ ನಡೆಸಬಾರದು. ಬಾಗಿಲ ಬಳಿಯ ಅತ್ಯುತ್ತಮ ಜಾಗ ಕಾರಿಗಲ್ಲ, ಸೈಕಲ್ ಸ್ಟ್ಯಾಂಡಿಗೆ ಸಿಗಬೇಕು. ನಿಲ್ದಾಣ ಉದ್ಘಾಟಿಸುವ ಮುನ್ನ ರೈಲಿನ ಸುರಕ್ಷತಾ ಆಯುಕ್ತರು ಹಳಿ ತಪಾಸಣೆ ಮಾಡುತ್ತಾರಲ್ಲ, ಹಾಗೆಯೇ ಗಾಲಿಕುರ್ಚಿಯೊಂದನ್ನು ತಳ್ಳಿಕೊಂಡು ಹತ್ತಿರದ ಶಾಲೆ, ಆಸ್ಪತ್ರೆ, ಮಾರುಕಟ್ಟೆ ತನಕ ಅಧಿಕಾರಿಗಳು ನಡೆದು ನೋಡಬೇಕು. ಎಲ್ಲಿ ಕುರ್ಚಿ ನಿಲ್ಲುತ್ತದೋ ಅಲ್ಲಿ ಕೆಲಸ ಬಾಕಿ ಎಂದರ್ಥ.

ಇದನ್ನು ಶುರು ಮಾಡಲು ಇದೇ ಸರಿಯಾದ ಹೊತ್ತು. 2024ರ ಆಗಸ್ಟ್ 16ರಂದು ಕೇಂದ್ರ ಸಂಪುಟ ಮೆಟ್ರೊ ಮೂರನೇ ಹಂತಕ್ಕೆ ಒಪ್ಪಿಗೆ ಕೊಟ್ಟಿತು: ಜೆ.ಪಿ. ನಗರ ನಾಲ್ಕನೇ ಹಂತದಿಂದ ಕೆಂಪಾಪುರ, ಹೊಸಹಳ್ಳಿಯಿಂದ ಕಡಬಗೆರೆ, ಒಟ್ಟು 44.65 ಕಿ.ಮೀ., 31 ನಿಲ್ದಾಣ, 15,611 ಕೋಟಿ ರೂಪಾಯಿ. ಇದರಲ್ಲಿ ನೂರಕ್ಕೆ ಒಂದು ರೂಪಾಯಿ ತೆಗೆದಿಟ್ಟರೆ 156 ಕೋಟಿ, ಅಂದರೆ ನಿಲ್ದಾಣವೊಂದಕ್ಕೆ ಐದು ಕೋಟಿ. ಆ ಒಂದು ರೂಪಾಯಿಯನ್ನು ಟೆಂಡರ್‌ನಲ್ಲೇ ಬರೆಯಿರಿ ಎಂದು ಮಾಗಡಿ ರಸ್ತೆಯ, ಹೊರವರ್ತುಲ ರಸ್ತೆಯ ಜನ ತಮ್ಮ ಶಾಸಕರನ್ನೂ ಪಾಲಿಕೆಯನ್ನೂ ಕಂಬ ಏಳುವ ಮೊದಲೇ ಕೇಳಬೇಕು.